ಓದುಗರ ಪ್ರಶ್ನೆ: ನ್ಯಾನೊ ಕಣಗಳು ಗಂಟು ಕಟ್ಟಿದರೆ ಶಾಖಕ್ಕೆ ಲಾಭವೋ ನಷ್ಟವೋ?

ನೀರು, ಗ್ಲೈಕಾಲ್, ಎಣ್ಣೆಯಂಥ ದ್ರವಕ್ಕೆ 100 ನ್ಯಾನೊಮೀಟರಿಗಿಂತ ಸಣ್ಣ ಕಣಗಳನ್ನು ಬೆರೆಸಿದರೆ ಅದರಲ್ಲಿ ಶಾಖ ಹೆಚ್ಚು ಸಲೀಸಾಗಿ ಹರಿಯುತ್ತದೆ. ಇಂಥ ದ್ರವಕ್ಕೆ ‘ನ್ಯಾನೊಫ್ಲೂಯಿಡ್’ ಎಂಬ ಹೆಸರು ಬಂದದ್ದು 1995ರಲ್ಲಿ. ಇಟ್ಟವರು ಅಮೆರಿಕದ ಆರ್ಗಾನ್ ರಾಷ್ಟ್ರೀಯ ಪ್ರಯೋಗಾಲಯದ ಸ್ಟೀಫನ್ ಚೋಯ್. ಈ ಬಗ್ಗೆ ಕೊಡಗಿನ ಓದುಗರಿಂದ ಬಂದ ಪ್ರಶ್ನೆಗಳನ್ನು ಈ ಸಲ ಒಟ್ಟಿಗೆ ತೆಗೆದುಕೊಂಡಿದ್ದೇವೆ. ಒಂದೇ ಅರ್ಥದ ಪತ್ರಗಳನ್ನು ಕೂಡಿಸಿದ್ದೇವೆ.

ಪ್ರಶ್ನೆ: ಕಣಗಳು ಬಿಡಿಬಿಡಿಯಾಗಿಯೇ ಇರಬೇಕು, ಗಂಟು ಕಟ್ಟಿದರೆ ಕೆಟ್ಟಿತು ಎಂದು ತರಗತಿಯಲ್ಲಿ ಕಲಿತೆವು. ಸೆಮಿನಾರಿಗೆ ಓದುವಾಗ, ಗಂಟು ಕಟ್ಟುವುದರಿಂದಲೇ ಉಷ್ಣವಾಹಕತೆ ಹೆಚ್ಚುತ್ತದೆ ಎಂಬ ಲೇಖನಗಳೂ ಸಿಕ್ಕವು. ಯಾವುದನ್ನು ನಂಬಲಿ ಸರ್?
— ಎಂಜಿನಿಯರಿಂಗ್ ವಿದ್ಯಾರ್ಥಿನಿ, ಪೊನ್ನಂಪೇಟೆ

ಉತ್ತರ: ಎರಡನ್ನೂ ನಂಬಬಹುದು. ಎಂಥ ಗಂಟು ಎಂದು ಇಬ್ಬರೂ ಹೇಳದೆ ಬಿಡುವುದರಿಂದ ಗೊಂದಲವಾಗುತ್ತದೆ. ಲೆಕ್ಕ ಹಾಕಿಯೇ ನೋಡೋಣ.

ಮೊದಲು ಬಿಡಿ ಕಣಗಳು. ಇದಕ್ಕೆ ಮ್ಯಾಕ್ಸ್‌ವೆಲ್ 1873ರಲ್ಲಿ ಕೊಟ್ಟ ಸೂತ್ರವೇ ಇಂದಿಗೂ ಸಾಕು. ದೂರ ದೂರ ಹರಡಿದ ಗುಂಡು ಕಣಗಳು ದ್ರವಕ್ಕಿಂತ ಎಷ್ಟೇ ಒಳ್ಳೆಯ ವಾಹಕಗಳಾಗಿರಲಿ, ಒಟ್ಟು ಏರಿಕೆ ಕಣಗಳ ಗಾತ್ರಪಾಲಿನ ಸುಮಾರು ಮೂರು ಪಟ್ಟು, ಅಷ್ಟೇ. ನೀರಿನ ಉಷ್ಣವಾಹಕತೆ 0.6 ವ್ಯಾಟ್/ಮೀಟರ್-ಕೆಲ್ವಿನ್, ಅಲ್ಯೂಮಿನದ್ದು (ಅಲ್ಯೂಮಿನಿಯಂ ಆಕ್ಸೈಡ್) ಸುಮಾರು 35. ಗಾತ್ರದಲ್ಲಿ ನೂರಕ್ಕೆ ಒಂದು ಪಾಲು ಅಲ್ಯೂಮಿನ ಹಾಕಿದರೆ ಏರಿಕೆ ಶೇ 2.9. ಅಲ್ಯೂಮಿನದ ಬದಲು 400 ವಾಹಕತೆಯ ತಾಮ್ರ ಹಾಕಿ, ಆಗಲೂ ಶೇ 3ರ ಆಸುಪಾಸಿನಲ್ಲೇ ನಿಲ್ಲುತ್ತದೆ. ಶಾಖ ಒಂದು ಕಣದಿಂದ ಇನ್ನೊಂದಕ್ಕೆ ಹೋಗಬೇಕಾದರೆ ನಡುವಿನ ನೀರನ್ನು ದಾಟಲೇಬೇಕು. ತಡೆ ಇರುವುದು ಆ ನೀರಿನಲ್ಲಿ, ಕಣ ಚಿನ್ನದ್ದಾದರೂ ಅದು ಕಡಿಮೆಯಾಗದು.

ಈಗ ಇನ್ನೊಂದು ತುದಿ. ಅದೇ ಒಂದು ಪಾಲು ಅಲ್ಯೂಮಿನ ಪಾತ್ರೆಯ ಈ ಗೋಡೆಯಿಂದ ಆ ಗೋಡೆಯವರೆಗೆ ಕಡಿಯದ ಬಲೆಯಾಗಿ ಹೆಣೆದುಕೊಂಡಿದೆ ಎನ್ನಿ. ಹಾಶಿನ್ ಮತ್ತು ಶ್ಟ್ರಿಕ್‌ಮನ್ 1962ರಲ್ಲಿ ಕೊಟ್ಟ ಮೇಲ್ಮಿತಿಯ ಪ್ರಕಾರ ಏರಿಕೆ ಶೇ 39ರವರೆಗೂ ಹೋಗಬಹುದು. ಪುಡಿ ಅದೇ, ತೂಕ ಅದೇ. ಶೇ 3 ಮತ್ತು ಶೇ 39ರ ನಡುವಿನ ಅಂತರವೆಲ್ಲ ಕಣಗಳು ಹೇಗೆ ಜೋಡಣೆಗೊಂಡಿವೆ ಎಂಬುದರ ಮೇಲೆ ನಿಂತಿದೆ.

ನಿಜವಾದ ಗಂಟುಗಳು ಈ ಎರಡರ ನಡುವೆ ಎಲ್ಲೋ ಇರುತ್ತವೆ. ಡಿಕ್ಕಿ ಹೊಡೆದ ಕೂಡಲೇ ಅಂಟಿಕೊಂಡು ಬೆಳೆದ ಗಂಟು ಸಡಿಲವಾಗಿರುತ್ತದೆ. ಕಸಿ ಮಾಡಿದ (ಗಿಡದ ರೆಂಬೆ ಸವರಿದ) ಮೇಲೆ ತೋಟದ ಅಂಚಿನಲ್ಲಿ ಬಿದ್ದ ಕಾಫಿ ರೆಂಬೆಗಳ ರಾಶಿಯನ್ನು ನೆನೆಸಿಕೊಳ್ಳಿ: ಕಟ್ಟಿಗೆ ಸ್ವಲ್ಪ, ತಿನ್ನುವ ಜಾಗ ಬಹಳ. ಇದನ್ನು ಅಳೆಯುವ ಸಂಖ್ಯೆಗೆ ಫ್ರ್ಯಾಕ್ಟಲ್ ಆಯಾಮ ಎನ್ನುತ್ತಾರೆ. ಸಡಿಲ ಗಂಟಿಗೆ ಅದು 1.8ರ ಹತ್ತಿರ, ಕಣಗಳು ನಿಧಾನವಾಗಿ, ಜಾಗ ಹುಡುಕಿ ಕೂತಿದ್ದರೆ 2.1ರಿಂದ 2.5, ಪೂರ್ತಿ ಗಟ್ಟಿ ಉಂಡೆಗೆ 3. ಬಿಡಿ ಕಣಕ್ಕಿಂತ ಐದು ಪಟ್ಟು ಅಗಲದ ಒಂದು ಸಡಿಲ ಗಂಟನ್ನು ತೆಗೆದುಕೊಳ್ಳಿ. ಐದರ 1.8ನೇ ಘಾತ ಸುಮಾರು 18, ಅಂದರೆ ಗಂಟಿನಲ್ಲಿ 18 ಕಣ. ಗಂಟಿನ ಒಟ್ಟು ಗಾತ್ರದಲ್ಲಿ ಘನವಸ್ತು ಶೇ 14.5 ಮಾತ್ರ, ಉಳಿದದ್ದು ಒಳಗೆ ಸಿಕ್ಕಿಕೊಂಡ ನೀರು. ಹಾಗಾಗಿ ನೀವು ಹಾಕಿದ ಒಂದು ಪಾಲು ಪುಡಿ ದ್ರವದೊಳಗೆ ಸುಮಾರು ಏಳು ಪಾಲು ಜಾಗವನ್ನು ಆಕ್ರಮಿಸುತ್ತದೆ.

ಆ 18 ಕಣಗಳೂ ಒಳಗೆ ಅಚ್ಚುಕಟ್ಟಾಗಿ ಕೂಡಿಕೊಂಡಿದ್ದರೆ ವಾಹಕತೆಯ ಏರಿಕೆ ಶೇ 2.9ರಿಂದ ಶೇ 14ರವರೆಗೆ ಹೋಗಬಹುದು. ಇದು ಮೇಲ್ಮಿತಿ. ಗಂಟಿನ ಎಲ್ಲ ಕಣಗಳೂ ಕೆಲಸ ಮಾಡುವುದಿಲ್ಲ. ಒಂದು ತುದಿಯಿಂದ ಇನ್ನೊಂದಕ್ಕೆ ಹೋಗುವ ಬೆನ್ನೆಲುಬಿನ ಸಾಲಿನ ಕಣಗಳಷ್ಟೇ ಶಾಖ ಒಯ್ಯುತ್ತವೆ. ಪಕ್ಕಕ್ಕೆ ಚಾಚಿ ಅಲ್ಲೇ ಮುಗಿಯುವ ಕೊಂಬೆಗಳಿಂದ ಹೆಚ್ಚೇನೂ ಉಪಯೋಗವಿಲ್ಲ. ಜತೆಗೆ, ಕಣಕ್ಕೆ ಕಣ ತಾಗುವ ಜಾಗ ಬಹಳ ಚಿಕ್ಕದು, ಅಲ್ಲೂ ಶಾಖ ತಡೆಯುತ್ತದೆ. ಘನ ಮತ್ತು ದ್ರವ ಸೇರುವ ಮೇಲ್ಮೈಗೂ ತನ್ನದೇ ತಡೆ ಇದೆ, ಅದು ಕೆಲವು ನ್ಯಾನೊಮೀಟರ್ ದಪ್ಪದ ನೀರಿನ ಪದರಕ್ಕೆ ಸಮ. ಕಣ 10 ನ್ಯಾನೊಮೀಟರ್ ಆದಾಗ ಈ ತಡೆ ದೊಡ್ಡದಾಗಿ ಕಾಡುತ್ತದೆ. ‘ಸಣ್ಣದಾದಷ್ಟೂ ಒಳ್ಳೆಯದು’ ಎಂದು ಪುಡಿ ಮಾರುವವರು ಹೇಳುವ ಮಾತನ್ನು ಆದ್ದರಿಂದ ಹಾಗೇ ಒಪ್ಪಬೇಡಿ.

ಇನ್ನು ನಷ್ಟದ ಬಾಬ್ತು. ದ್ರವದ ಸ್ನಿಗ್ಧತೆ, ಅಂದರೆ ಹರಿಯಲು ಅದು ಒಡ್ಡುವ ತಡೆ, ಕಣಗಳು ತಿನ್ನುವ ಜಾಗವನ್ನು ನೋಡಿ ಏರುತ್ತದೆ. ಐನ್‌ಸ್ಟೈನ್ ಸೂತ್ರದಂತೆ ಗಾತ್ರಪಾಲಿನ ಎರಡೂವರೆ ಪಟ್ಟು: ಬಿಡಿ ಕಣಗಳಾದರೆ ಶೇ 2.5, ಅವೇ ಸಡಿಲ ಗಂಟಾದರೆ ಶೇ 17ಕ್ಕೂ ತುಸು ಹೆಚ್ಚು. ಗಂಟು ಹತ್ತು ಪಟ್ಟು ಅಗಲವಾದರೆ ಒಂದು ಪಾಲು ಪುಡಿ ಹದಿನಾರು ಪಾಲು ಜಾಗ ತಿನ್ನುತ್ತದೆ. ಆಗ ಐನ್‌ಸ್ಟೈನ್ ಸೂತ್ರ ಸಾಲದು, ಸ್ನಿಗ್ಧತೆ ಒಂದೂವರೆ ಪಟ್ಟನ್ನು ದಾಟುತ್ತದೆ.

ಲಾಭನಷ್ಟ ತೂಗಿ ನೋಡಲು ಒಂದು ಅಳತೆಗೋಲಿದೆ. ರವಿ ಪ್ರಾಶರ್ ಮತ್ತು ಸಂಗಡಿಗರು 2006ರಲ್ಲಿ ಕೊಟ್ಟದ್ದು. ಕೊಳವೆಯಲ್ಲಿ ದ್ರವ ಸುಳಿಯೇಳದೆ ನಯವಾಗಿ ಹರಿಯುತ್ತಿರುವಾಗ, ಸ್ನಿಗ್ಧತೆಯ ಏರಿಕೆ ವಾಹಕತೆಯ ಏರಿಕೆಯ ನಾಲ್ಕು ಪಟ್ಟನ್ನು ಮೀರಿದರೆ ನ್ಯಾನೊದ್ರವಕ್ಕಿಂತ ಬರಿಯ ದ್ರವವೇ ವಾಸಿ. ನಮ್ಮ ಉದಾಹರಣೆಗೆ ಹಚ್ಚಿ ನೋಡಿ. ವಾಹಕತೆ ಶೇ 14 ಏರಿದ್ದರೆ ಶೇ 17ರ ಸ್ನಿಗ್ಧತೆ ಲೆಕ್ಕಕ್ಕೇ ಇಲ್ಲ, ಲಾಭ ಖಂಡಿತ. ಬೆನ್ನೆಲುಬು ಸರಿಯಿಲ್ಲದೆ ವಾಹಕತೆ ಶೇ 4 ಮಾತ್ರ ಏರಿದ್ದರೆ ನಾಲ್ಕು ನಾಲ್ಕಲೆ ಹದಿನಾರು, ಸ್ನಿಗ್ಧತೆ ಹದಿನೇಳು: ನಷ್ಟ. ಒಂದೇ ಅಗಲದ ಗಂಟು, ಫಲ ತದ್ವಿರುದ್ಧ.

ಗಟ್ಟಿ ಉಂಡೆಗಳಿಂದಂತೂ ಪ್ರಯೋಜನ ಇಲ್ಲವೇ ಇಲ್ಲ. ಅವು ಶಾಖಕ್ಕೆ ದೊಡ್ಡ ಗಾತ್ರದ ಬಿಡಿ ಕಣಗಳಂತೆ, ಶೇ 3ರಲ್ಲೇ ಉಳಿಯುತ್ತವೆ. ಮೇಲಾಗಿ ಬೇಗ ತಳ ಸೇರುತ್ತವೆ. ನಿಮ್ಮ ತರಗತಿಯ ಮಾತು ಈ ಉಂಡೆಗಳಿಗೆ, ಸೆಮಿನಾರಿನ ಲೇಖನಗಳ ಮಾತು ಸಡಿಲ ಸರಪಳಿಗೆ ಹೊಂದುತ್ತದೆ. ಸೆಮಿನಾರಿನಲ್ಲಿ ಯಾರಾದರೂ 2001ರ ಪ್ರಸಿದ್ಧ ಫಲಿತಾಂಶವನ್ನು ಎತ್ತಿಯೇ ಎತ್ತುತ್ತಾರೆ: ಎಥಿಲೀನ್ ಗ್ಲೈಕಾಲ್‌ನಲ್ಲಿ ಶೇ 0.3 ತಾಮ್ರಕ್ಕೆ ಶೇ 40 ಏರಿಕೆ. ಆಗ 2009ರಲ್ಲಿ ಪ್ರಕಟವಾದ ಅಂತರರಾಷ್ಟ್ರೀಯ ಹೋಲಿಕೆಯನ್ನು ಮುಂದಿಡಿ. ಒಂದೇ ಮಾದರಿಗಳನ್ನು 30ಕ್ಕೂ ಹೆಚ್ಚು ಸಂಸ್ಥೆಗಳು ಅಳೆದವು. ಚೆನ್ನಾಗಿ ಹರಡಿದ ಆ ಮಾದರಿಗಳಲ್ಲಿ ಮ್ಯಾಕ್ಸ್‌ವೆಲ್ ಮಾದರಿಯ ಲೆಕ್ಕವನ್ನು ಮೀರಿದ ವಿಚಿತ್ರ ಏರಿಕೆ ಕಾಣಲಿಲ್ಲ.

ಪ್ರಶ್ನೆ: ನಮ್ಮ ಲ್ಯಾಬಿನಲ್ಲಿ ಶೇ 1 ಅಲ್ಯೂಮಿನ-ನೀರು ಮಾಡಿದೆವು, ಕಣ 40 ನ್ಯಾನೊಮೀಟರ್. ಪ್ರೋಬ್ ಸೋನಿಕೇಟರ್‌ನಿಂದ (ಶ್ರವಣಾತೀತ ಕಂಪನದಿಂದ ಗಂಟು ಒಡೆಯುವ ಯಂತ್ರ) ತೆಗೆದ ಕೂಡಲೇ ಹಾಟ್ ವೈರ್‌ನಲ್ಲಿ (ಬಿಸಿ ತಂತಿಯಿಂದ ವಾಹಕತೆ ಅಳೆಯುವ ಉಪಕರಣ) ಅಳೆದಾಗ ಏರಿಕೆ ಶೇ 7, ಮರುದಿನ ಶೇ 3, ಮೂರನೆಯ ದಿನ ಶೇ 1. ದಿನ ಕಳೆದಂತೆ ಗಂಟು ಕಟ್ಟಿ ವಾಹಕತೆ ಇಳಿಯಿತು ಎಂದು ವರದಿ ಬರೆಯಬಹುದೆ?
— ಲ್ಯಾಬ್ ಸಹಾಯಕರು, ಕುಶಾಲನಗರ

ಉತ್ತರ: ಇನ್ನೂ ಬರೆಯಬೇಡಿ. ಮೊದಲ ದಿನದ ಅಂಕಿಗೆ ಗಂಟಿನ ಹಂಗಿಲ್ಲದ ಕಾರಣ ಒಂದಿದೆ. ಐಸ್ ಇಲ್ಲದೆ ಸೋನಿಕೇಟರ್ ಓಡಿಸಿದರೆ ದ್ರವ ಸುಲಭವಾಗಿ 40 ಡಿಗ್ರಿ ಮುಟ್ಟುತ್ತದೆ. ನೀರಿನ ವಾಹಕತೆ 25 ಡಿಗ್ರಿಯಲ್ಲಿ 0.607, 40 ಡಿಗ್ರಿಯಲ್ಲಿ 0.631, ಅಂದರೆ ಬರಿ ನೀರೇ ಶೇ 4 ಮೇಲಿರುತ್ತದೆ. ಬಿಸಿ ಮಾದರಿಯನ್ನು 25 ಡಿಗ್ರಿಯ ನೀರಿಗೆ ಹೋಲಿಸಿದರೆ ಮ್ಯಾಕ್ಸ್‌ವೆಲ್‌ನ 2.9 ಮತ್ತು ಬಿಸಿಯ 4 ಕೂಡಿ ಸರಿಯಾಗಿ ಶೇ 7 ಬರುತ್ತದೆ. ಮರುದಿನ ತಣ್ಣಗಾದ ಮಾದರಿ ಶೇ 3 ತೋರಿಸಿದ್ದರಲ್ಲಿ ಆಶ್ಚರ್ಯವಿಲ್ಲ, ಅದೇ ಸರಿಯಾದ ಅಂಕಿ. ಮೂರನೆಯ ದಿನದ ಶೇ 1 ನೋಡಿದರೆ ಕಣಗಳು ತಂತಿಯ ಮಟ್ಟದಿಂದ ಕೆಳಗಿಳಿದಿವೆ ಎನಿಸುತ್ತದೆ. ತಳದಿಂದ ತುಸು ದ್ರವ ತೆಗೆದು ಒಣಗಿಸಿ ತೂಗಿ, ಮೇಲಿನ ಪದರದಿಂದ ಅಷ್ಟೇ ತೆಗೆದು ತೂಗಿ. ಎರಡು ತೂಕಕ್ಕೂ ವ್ಯತ್ಯಾಸವಿದ್ದರೆ ಕತೆ ಅಲ್ಲಿಗೆ ತಿಳಿಯಿತು.

ಮತ್ತೆ ಮಾಡುವಾಗ ಹೀಗೆ ಮಾಡಿ. ಗಾತ್ರದಲ್ಲಿ ಶೇ 1 ಬೇಕಾದರೆ 99 ಮಿಲಿಲೀಟರ್ ಡಿಅಯೊನೈಸ್ಡ್ (ಲವಣದ ಅಯಾನುಗಳನ್ನು ತೆಗೆದ) ನೀರಿಗೆ ಆಲ್ಫಾ ಅಲ್ಯೂಮಿನ 3.95 ಗ್ರಾಂ. ಗಾಮಾ ಬಗೆಯಾದರೆ ಸಾಂದ್ರತೆ ಕಡಿಮೆ, ಡಬ್ಬಿಯ ಮೇಲಿನ ಅಂಕಿ ನೋಡಿ ಲೆಕ್ಕ ಹಾಕಿ. ನೂರಕ್ಕೆ 1 ಗ್ರಾಂ ತೂಗಿ ಶೇ 1 ಎಂದು ಬರೆಯುವವರು ಬಹಳ. ಅದು ಗಾತ್ರದಲ್ಲಿ ಶೇ 0.25, ಬರಬೇಕಾದ ಏರಿಕೆ ಶೇ 0.7, ಸಾಮಾನ್ಯ ಹಾಟ್ ವೈರ್ ಅದನ್ನು ಹಿಡಿಯಲಾರದು.

ಪುಡಿ ಹಾಕುವ ಮೊದಲೇ ನೀರಿನ ಪಿಎಚ್ ಅನ್ನು ದುರ್ಬಲ ನೈಟ್ರಿಕ್ ಆಮ್ಲದಿಂದ 4ಕ್ಕೆ ತನ್ನಿ. ಪುಡಿಯನ್ನು ಚಿಟಿಕೆ ಚಿಟಿಕೆಯಾಗಿ ಉದುರಿಸುತ್ತಾ ಮ್ಯಾಗ್ನೆಟಿಕ್ ಸ್ಟರರ್‌ನಲ್ಲಿ ಅರ್ಧ ಗಂಟೆ ಕಲಕಿ. ಬೀಕರನ್ನು ಐಸ್ ನೀರಿನಲ್ಲಿಟ್ಟು ಪ್ರೋಬ್ ಇಳಿಸಿ, 5 ಸೆಕೆಂಡ್ ಚಾಲು, 5 ಸೆಕೆಂಡ್ ಬಂದ್. ಪ್ರೋಬಿನ ತುದಿ ಗಾಜಿಗೆ ತಾಗಬಾರದು. ಮೇಲ್ಮೈಗೆ ತೀರ ಹತ್ತಿರವಿದ್ದರೂ ಗಾಳಿ ಎಳೆದು ನೊರೆ ಬರುತ್ತದೆ. ಮುಗಿದ ಮೇಲೆ ಪಿಎಚ್ ಮತ್ತೆ ನೋಡಿ, ಹೊಸ ಮೇಲ್ಮೈ ತೆರೆದುಕೊಂಡು ಅದು ಏರಿರುತ್ತದೆ, ಸರಿಪಡಿಸಿ.

ವರದಿಯಲ್ಲಿ ‘ಒಂದು ಗಂಟೆ ಸೋನಿಕೇಶನ್’ ಎಂದಷ್ಟೇ ಬರೆದರೆ ಓದಿದವರಿಗೆ ಏನೂ ತಿಳಿಯದು. ಯಂತ್ರ ನಿಜವಾಗಿ ಎಷ್ಟು ವ್ಯಾಟ್ ಒಳಗೆ ಹಾಕುತ್ತಿದೆ ಎಂದು ಹೀಗೆ ತಿಳಿಯಿರಿ: 100 ಮಿಲಿಲೀಟರ್ ಬರಿ ನೀರನ್ನು ಐಸ್ ಇಲ್ಲದೆ, ನಿಲ್ಲಿಸದೆ ಒಂದೆರಡು ನಿಮಿಷ ಓಡಿಸಿ, ನಿಮಿಷಕ್ಕೆ ಎಷ್ಟು ಡಿಗ್ರಿ ಏರಿತು ನೋಡಿ 7ರಿಂದ ಗುಣಿಸಿ. ನಿಮಿಷಕ್ಕೆ 3 ಡಿಗ್ರಿ ಏರಿದರೆ ಸುಮಾರು 21 ವ್ಯಾಟ್. ಅದನ್ನು ಚಾಲು ಇದ್ದ ಸೆಕೆಂಡುಗಳಿಂದ ಗುಣಿಸಿ ಮಿಲಿಲೀಟರಿಗೆ ಎಷ್ಟು ಜೂಲ್ ಎಂದು ಬರೆಯಿರಿ. ಹೆಚ್ಚು ಹೊತ್ತು ಓಡಿಸಿದಷ್ಟೂ ಒಳ್ಳೆಯದೂ ಅಲ್ಲ. ಒಂದು ಹಂತದ ನಂತರ ಗಂಟು ಒಡೆಯುವುದು ನಿಲ್ಲುತ್ತದೆ, ಪ್ರೋಬಿನ ಟೈಟೇನಿಯಂ ಸವೆದು ಮಾದರಿಗೆ ಬೂದು ಬಣ್ಣ ಬರುತ್ತದೆ. ಪುಡಿ ತಯಾರಾಗುವಾಗಲೇ ಬಿಸಿಗೆ ಬೆಸೆದುಕೊಂಡ ಕಣಗಳನ್ನು ಯಾವ ಸೋನಿಕೇಟರೂ ಬಿಡಿಸದು. 40 ನ್ಯಾನೊಮೀಟರ್ ಎಂದು ಬರೆದ ಪುಡಿ ದ್ರವದಲ್ಲಿ 150 ತೋರಿಸಿದರೆ ಅದು ಮಾಮೂಲು.

ಗಾತ್ರ ಅಳೆಯುವಾಗ ಎರಡು ಎಚ್ಚರ. ಡೈನಾಮಿಕ್ ಲೈಟ್ ಸ್ಕ್ಯಾಟರಿಂಗ್‌ಗೆ (ಚದುರಿದ ಬೆಳಕಿನಿಂದ ಕಣದ ಗಾತ್ರ ಅಳೆಯುವ ವಿಧಾನ) ಮಾದರಿಯನ್ನು ತೆಳುಮಾಡುವ ನೀರಿನ ಪಿಎಚ್ ಕೂಡ 4 ಇರಲಿ, ಬರಿ ನೀರು ಹಾಕಿದರೆ ತೆಳುಮಾಡುವಾಗಲೇ ಗಂಟು ಕಟ್ಟೀತು. ಈ ವಿಧಾನದಲ್ಲಿ ಚದುರುವ ಬೆಳಕು ವ್ಯಾಸದ ಆರನೇ ಘಾತದಂತೆ ಏರುವುದರಿಂದ ಬೆರಳೆಣಿಕೆಯ ದೊಡ್ಡ ಗಂಟುಗಳು ಸಾವಿರಾರು ಸಣ್ಣ ಕಣಗಳನ್ನು ಮರೆಮಾಡುತ್ತವೆ. ಇನ್ನು ಎಲೆಕ್ಟ್ರಾನ್ ಸೂಕ್ಷ್ಮದರ್ಶಕದ ಚಿತ್ರ ನೋಡಿ ‘ದ್ರವದಲ್ಲಿ ಗಂಟಿದೆ’ ಎಂದು ಹೇಳಬಾರದು. ಹನಿ ಒಣಗುವಾಗ ಹಿಂದೆ ಸರಿಯುವ ನೀರು ಕಣಗಳನ್ನು ಎಳೆದು ಒಟ್ಟುಗೂಡಿಸುತ್ತದೆ.

ಹಾಟ್ ವೈರ್ ಅನ್ನು ಮೊದಲು ಬರಿ ನೀರಿನಲ್ಲಿ ಪರೀಕ್ಷಿಸಿ. 25 ಡಿಗ್ರಿಯಲ್ಲಿ 0.607ಕ್ಕೆ ಶೇ 1ರ ಒಳಗೆ ಬರದಿದ್ದರೆ ಮುಂದುವರಿಯಬೇಡಿ. ಆಮ್ಲ ಹಾಕಿದ ದ್ರವದಲ್ಲಿ ವಿದ್ಯುತ್ ಹರಿಯುವುದರಿಂದ ತಂತಿಗೆ ನಿರೋಧಕ ಲೇಪ ಇರಲೇಬೇಕು. ಬಿಸಿ ಮಾಡುವ ಅವಧಿ ಕೆಲವೇ ಸೆಕೆಂಡ್. ಹೆಚ್ಚಿಸಿದರೆ ತಂತಿಯ ಸುತ್ತ ದ್ರವ ಮೇಲೇಳತೊಡಗುತ್ತದೆ, ಆ ಚಲನೆ ಸುಳ್ಳು ವಾಹಕತೆಯಾಗಿ ಅಂಕಿಯೊಳಗೆ ಸೇರುತ್ತದೆ.

ಪ್ರಶ್ನೆ: ಕಣಗಳ ಬ್ರೌನಿಯನ್ ಚಲನೆಯೇ (ದ್ರವದ ಅಣುಗಳು ತಾಗಿ ಕಣಗಳು ಸದಾ ಅತ್ತಿತ್ತ ಕದಲುವುದು) ಶಾಖವನ್ನು ಹೊತ್ತೊಯ್ಯುತ್ತದೆ ಎಂದು ಓದಿದೆ. ಗಂಟು ಕಟ್ಟಿದರೆ ಚಲನೆ ಕುಂದುವುದರಿಂದ ವಾಹಕತೆಯೂ ಕುಂದಬೇಕಲ್ಲವೆ?
— ಪದವಿ ವಿದ್ಯಾರ್ಥಿ, ವಿರಾಜಪೇಟೆ

ಉತ್ತರ: 40 ನ್ಯಾನೊಮೀಟರ್ ಕಣ ನೀರಿನಲ್ಲಿ ಹರಡುವ ವೇಗದ ಗುಣಾಂಕ ಸೆಕೆಂಡಿಗೆ ಸುಮಾರು 12 ಚದರ ಮೈಕ್ರೊಮೀಟರ್. ಅದೇ ನೀರಿನಲ್ಲಿ ಶಾಖ ಹರಡುವ ಗುಣಾಂಕ ಸೆಕೆಂಡಿಗೆ 1,40,000 ಚದರ ಮೈಕ್ರೊಮೀಟರ್. ಹತ್ತು ಸಾವಿರ ಪಟ್ಟಿಗೂ ಹೆಚ್ಚು. ಕಣ ಹೊರಡುವಷ್ಟರಲ್ಲಿ ಶಾಖ ಅದನ್ನು ಬಿಟ್ಟು ಮುಂದೆ ಹೋಗಿರುತ್ತದೆ. ಬ್ರೌನಿಯನ್ ಚಲನೆಗೆ ಇಲ್ಲಿರುವ ನಿಜವಾದ ಪಾತ್ರ ಬೇರೆ: ಕಣಗಳನ್ನು ಒಂದಕ್ಕೊಂದು ಡಿಕ್ಕಿ ಹೊಡೆಸಿ ಗಂಟು ಕಟ್ಟಿಸುವುದು.

ಪ್ರಶ್ನೆ: ಶಾಲೆಯ ವಿಜ್ಞಾನ ಮೇಳಕ್ಕೆ ಮಾಡಿದ ಅಲ್ಯೂಮಿನ-ನೀರು ನಿಮಿಷದಲ್ಲಿ ಒಡೆದು ತಳ ಸೇರಿತು. ಬಾವಿ ನೀರು ಬಳಸಿದ್ದೆವು. ಪಿಎಚ್ ಇಳಿಸಲು ಬ್ಯಾಟರಿ ಅಂಗಡಿಯ ಆಸಿಡ್ ಕೆಲವು ಹನಿ ಹಾಕಿದ್ದೆವು. ಎಲ್ಲಿ ತಪ್ಪಿದೆವು?
— ಶಿಕ್ಷಕರು, ಸೋಮವಾರಪೇಟೆ

ಉತ್ತರ: ಪಿಎಚ್ ಇಳಿಸಿದ್ದು ಸರಿ, ಆಸಿಡ್ ತಪ್ಪು. ಅಲ್ಯೂಮಿನದ ಮೇಲ್ಮೈಯ ವಿದ್ಯುದಾವೇಶ ಪಿಎಚ್ 9ರ ಸುಮಾರಿಗೆ ಸೊನ್ನೆಯಾಗುತ್ತದೆ. ಅದಕ್ಕಿಂತ ಚೆನ್ನಾಗಿ ಕೆಳಗಿಳಿಸಿದರೆ ಕಣಗಳ ಮೇಲೆ ಧನ ಆವೇಶ ಏರಿ ಒಂದನ್ನೊಂದು ದೂಡುತ್ತವೆ. ಬ್ಯಾಟರಿ ಆಸಿಡ್ ಎಂದರೆ ಗಂಧಕಾಮ್ಲ, ಅದರಲ್ಲಿರುವುದು ಎರಡು ಋಣ ಆವೇಶದ ಸಲ್ಫೇಟ್. ಧನ ಆವೇಶದ ಕಣಕ್ಕೆ ಅದು ಗಟ್ಟಿಯಾಗಿ ಅಂಟಿ ಆವೇಶವನ್ನೇ ಅಳಿಸುತ್ತದೆ. ಎರಡು ಆವೇಶದ ಅಯಾನು ಒಂದು ಆವೇಶದ್ದಕ್ಕಿಂತ ಹತ್ತಾರು ಪಟ್ಟು ಕಡಿಮೆ ಪ್ರಮಾಣದಲ್ಲೇ ದ್ರಾವಣ ಒಡೆಯಬಲ್ಲದು. ನೈಟ್ರಿಕ್ ಅಥವಾ ಹೈಡ್ರೋಕ್ಲೋರಿಕ್ ಆಮ್ಲ ಬಳಸಿ, ತೆಳು ಮಾಡಿದ್ದು, ಶಿಕ್ಷಕರ ಕೈಯಲ್ಲೇ.

ಬಾವಿ ನೀರಿನ ಲವಣಗಳೂ ಪಾಲುದಾರರೇ. ಲೀಟರಿಗೆ 0.06 ಗ್ರಾಂ ಅಡುಗೆ ಉಪ್ಪಿರುವ ನೀರಿನಲ್ಲಿ ಕಣಗಳ ವಿಕರ್ಷಣೆ ಸುಮಾರು 10 ನ್ಯಾನೊಮೀಟರ್ ದೂರದವರೆಗೆ ಚಾಚುತ್ತದೆ. 6 ಗ್ರಾಂ ಆದರೆ 1 ನ್ಯಾನೊಮೀಟರಿಗೆ ಕುಗ್ಗುತ್ತದೆ. ಅಷ್ಟು ಹತ್ತಿರ ಬಂದ ಕಣಗಳನ್ನು ವಾನ್ ಡರ್ ವಾಲ್ಸ್ ಆಕರ್ಷಣೆ ಎಳೆದು ಅಂಟಿಸುತ್ತದೆ. ಬ್ಯಾಟರಿ ಅಂಗಡಿಯಿಂದ ತರಬೇಕಾದದ್ದು ಆಸಿಡ್ ಅಲ್ಲ, ಡಿಸ್ಟಿಲ್ಡ್ ವಾಟರ್. ವಿಕರ್ಷಣೆ ಪೂರ್ತಿ ಅಳಿದರೆ ಎಷ್ಟು ಬೇಗ ಕೆಡುತ್ತದೆ ಎಂದು ಮಕ್ಕಳಿಗೆ ತೋರಿಸಲು ಒಂದು ಲೆಕ್ಕ ಕೊಡುತ್ತೇವೆ: 40 ನ್ಯಾನೊಮೀಟರಿನ ಶೇ 1 ದ್ರವದ ಒಂದು ಮಿಲಿಲೀಟರಿನಲ್ಲಿ ಮೂರು ಕೋಟಿ ಕೋಟಿ ಕಣಗಳಿರುತ್ತವೆ. ಪ್ರತಿ ಡಿಕ್ಕಿಯೂ ಅಂಟುವಂತಾದರೆ ಕಣಗಳ ಸಂಖ್ಯೆ ಅರ್ಧಕ್ಕಿಳಿಯಲು ಬೇಕಾದ ಕಾಲ ಒಂದು ಸೆಕೆಂಡಿನ ಸಾವಿರದ ಒಂದು ಭಾಗಕ್ಕಿಂತಲೂ ಕಡಿಮೆ.

ಪ್ರಶ್ನೆ: ಮಾಂದಲಪಟ್ಟಿಗೆ ಬಾಡಿಗೆ ಜೀಪು ಓಡಿಸುತ್ತೇನೆ. ಏರಿನಲ್ಲಿ ಇಂಜಿನ್ ಬಿಸಿಯಾಗುತ್ತದೆ. ರೇಡಿಯೇಟರಿಗೆ ‘ನ್ಯಾನೊ ಕೂಲಂಟ್’ ಬಾಟಲಿ ಸುರಿದರೆ ಸರಿಹೋಗುತ್ತದೆ ಎನ್ನುತ್ತಾರೆ. ಹಾಕಬಹುದೆ?
— ಜೀಪು ಮಾಲೀಕರು, ಮಡಿಕೇರಿ

ಉತ್ತರ: ದುಡ್ಡು ಉಳಿಸಿಕೊಳ್ಳಿ. ಬರಿ ನೀರಿನ ವಾಹಕತೆ 0.6, ಅರ್ಧ ಗ್ಲೈಕಾಲ್ ಬೆರೆತ ಮಾಮೂಲಿ ಕೂಲಂಟಿನದು 0.4ರ ಹತ್ತಿರ. ಅಂದರೆ ಗ್ಲೈಕಾಲ್‌ನಿಂದಲೇ ಮೂರರಲ್ಲಿ ಒಂದು ಪಾಲು ಹೋಗಿದೆ. ಬಾಟಲಿಯ ನ್ಯಾನೊ ಪುಡಿ ಒಳ್ಳೆಯದೇ ಆಗಿದ್ದರೂ ಅದರಲ್ಲಿ ಕೆಲವೇ ಶೇಕಡಾ ವಾಪಸ್ ಕೊಡಬಲ್ಲದು. ಕೂಲಂಟಿನಲ್ಲಿ ತುಕ್ಕು ತಡೆಯಲು ಹಾಕಿದ ಲವಣಗಳಿರುತ್ತವೆ. ಮೇಲಿನ ಉತ್ತರದಲ್ಲಿ ಹೇಳಿದಂತೆ ಅವೇ ಕಣಗಳನ್ನು ಗಂಟು ಕಟ್ಟಿಸುತ್ತವೆ. ಗಂಟು ಹೋಗಿ ಕೂರುವುದು ರೇಡಿಯೇಟರಿನ ಸಣ್ಣ ಕೊಳವೆಗಳಲ್ಲಿ, ಹೀಟರ್ ಕಾಯಿಲಿನಲ್ಲಿ. ಅಲ್ಯೂಮಿನ ಉಜ್ಜುಕಾಗದಕ್ಕೆ ಬಳಸುವ ವಸ್ತು, ವಾಟರ್ ಪಂಪಿನ ಸೀಲಿಗೆ ಒಳ್ಳೆಯದಲ್ಲ.

ಇನ್ನೂ ದೊಡ್ಡ ಮಾತು: ರೇಡಿಯೇಟರಿನಲ್ಲಿ ಶಾಖಕ್ಕೆ ಹೆಚ್ಚಿನ ತಡೆ ಗಾಳಿಯ ಕಡೆ ಇದೆ. ಒಟ್ಟು ತಡೆಯಲ್ಲಿ ದ್ರವದ ಪಾಲು ಹತ್ತರಲ್ಲಿ ಒಂದು ಎಂದಿಟ್ಟುಕೊಂಡರೆ, ದ್ರವದ ಕಡೆ ಶೇ 10 ಸುಧಾರಿಸಿದರೂ ಒಟ್ಟು ಲಾಭ ಶೇ 1. ಫಸ್ಟ್ ಗೇರಿನಲ್ಲಿ ಏರು ಹತ್ತುವಾಗ ಎದುರುಗಾಳಿ ಇಲ್ಲ, ಫ್ಯಾನೊಂದೇ ಗತಿ. ಫ್ಯಾನ್ ಬೆಲ್ಟಿನ ಬಿಗಿ ನೋಡಿ, ಫಿನ್ನುಗಳ ನಡುವಿನ ಕೆಸರನ್ನು ಇಂಜಿನ್ ಕಡೆಯಿಂದ ಹೊರಕ್ಕೆ ನೀರು ಬಿಟ್ಟು ತೊಳೆಯಿರಿ, ಥರ್ಮೋಸ್ಟ್ಯಾಟನ್ನು ಬಿಸಿನೀರಿಗೆ ಹಾಕಿ ತೆರೆಯುತ್ತದೆಯೇ ನೋಡಿ. ರೇಡಿಯೇಟರ್ ಮುಚ್ಚಳದ ಕಡೆ ಗಮನ ಹೆಚ್ಚಿರಲಿ: ಮಡಿಕೇರಿಯ ಸುಮಾರು 1,150 ಮೀಟರ್ ಎತ್ತರದಲ್ಲಿ ತೆರೆದ ನೀರು 96 ಡಿಗ್ರಿಗೇ ಕುದಿಯುತ್ತದೆ, ಮಾಂದಲಪಟ್ಟಿಯ ಮೇಲೆ ಇನ್ನೂ ಮೊದಲೇ. 0.9 ಕೆಜಿ (ಚದರ ಸೆಂಟಿಮೀಟರಿಗೆ) ಎಂದು ಗುರುತಿರುವ ಮುಚ್ಚಳ ಒತ್ತಡ ಹಿಡಿದರೆ ಅದು 115ರ ಆಸುಪಾಸಿಗೆ ಹೋಗುತ್ತದೆ. ಮುಚ್ಚಳದ ರಬ್ಬರ್ ಹರಿದಿದ್ದರೆ ಆ ಇಪ್ಪತ್ತು ಡಿಗ್ರಿ ಕೈತಪ್ಪಿತು. ಇಂಜಿನ್ ಬಿಸಿ ಇದ್ದಾಗ ಮಾತ್ರ ತೆರೆಯಲು ಹೋಗಬೇಡಿ.

ಪ್ರಶ್ನೆ: ಕಾಫಿ ಒಣಗಿಸಲು ಸೋಲಾರ್ ವ್ಯವಸ್ಥೆ ಮಾಡಿಸುತ್ತಿದ್ದೇನೆ. ಪ್ಯಾನಲಿನಲ್ಲಿ ಬಿಸಿಯಾದ ನೀರು ಪಂಪಿಲ್ಲದೆ ತಾನೇ ಸುತ್ತಿ, ಕಾಯಿಲಿನ ಮೂಲಕ ಗಾಳಿಯನ್ನು ಬಿಸಿ ಮಾಡಬೇಕು. ನೀರಿಗೆ ನ್ಯಾನೊ ಪುಡಿ ಸೇರಿಸಿದರೆ ಒಣಗುವ ದಿನ ಕಡಿಮೆಯಾಗುತ್ತದೆಯೆ?
— ಬೆಳೆಗಾರರು, ಸುಂಟಿಕೊಪ್ಪ

ಉತ್ತರ: ಆಗದು. ಗಾಳಿಯ ಕಡೆಯ ತಡೆಯ ಮಾತು ನಿಮಗೂ ಅನ್ವಯಿಸುತ್ತದೆ. ಜತೆಗೆ, ಪಂಪಿಲ್ಲದ ವ್ಯವಸ್ಥೆಯಲ್ಲಿ ನೀರನ್ನು ತಳ್ಳುವುದು ಬಿಸಿ-ತಂಪಿನ ತೂಕದ ಸಣ್ಣ ವ್ಯತ್ಯಾಸ ಮಾತ್ರ. ಗಂಟು ಕಟ್ಟಿ ಸ್ನಿಗ್ಧತೆ ಏರಿದರೆ ಸುತ್ತುವ ವೇಗವೇ ಇಳಿಯುತ್ತದೆ.

ರಾತ್ರಿ ನೀರು ನಿಲ್ಲುತ್ತದೆ, ಆಗ ಕಣಗಳು ಇಳಿಯುತ್ತವೆ. 40 ನ್ಯಾನೊಮೀಟರಿನ ಬಿಡಿ ಅಲ್ಯೂಮಿನ ಕಣ ದಿನಕ್ಕೆ ಇಳಿಯುವುದು ಕಾಲು ಮಿಲಿಮೀಟರ್, ಅದನ್ನೂ ಬ್ರೌನಿಯನ್ ಚಲನೆ ಮೇಲೆತ್ತುತ್ತದೆ. ಅದೇ ವಸ್ತು ಒಂದು ಮೈಕ್ರೊಮೀಟರಿನ ಗಟ್ಟಿ ಉಂಡೆಯಾದರೆ ದಿನಕ್ಕೆ 15 ಸೆಂಟಿಮೀಟರ್. ಇಳಿಯುವ ವೇಗ ವ್ಯಾಸದ ವರ್ಗದಂತೆ ಏರುತ್ತದೆ. 25 ಪಟ್ಟು ಅಗಲವಾದದ್ದು 625 ಪಟ್ಟು ಬೇಗ ಇಳಿಯಿತು. ಸಡಿಲ ಗಂಟು ಇಷ್ಟು ಜೋರಾಗಿ ಇಳಿಯದಿದ್ದರೂ ಕೊಯ್ಲಿನ ಮೂರು ನಾಲ್ಕು ತಿಂಗಳು ಬಿಟ್ಟರೆ ನಿಮ್ಮ ವ್ಯವಸ್ಥೆ ವರ್ಷವಿಡೀ ಸುಮ್ಮನಿರುತ್ತದೆ. ಮಳೆಗಾಲ ಕಳೆಯುವಷ್ಟರಲ್ಲಿ ಕೊಳವೆಯ ಬಾಗುಗಳಲ್ಲಿ ಪುಡಿ ಗಟ್ಟಿಯಾಗಿ ಕೂತು, ಡಿಸೆಂಬರಿನಲ್ಲಿ ನೀರೇ ಸುತ್ತದೆ ಇದ್ದೀತು. ಆ ಹಣಕ್ಕೆ ಕಾಯಿಲಿನ ಫಿನ್ ಹೆಚ್ಚಿಸಿ, ಒಂದು ಸಣ್ಣ ಫ್ಯಾನ್ ಹಾಕಿಸಿ, ಕೊಳವೆಗೆ ಇನ್ಸುಲೇಶನ್ ಸುತ್ತಿಸಿ.

ಪ್ರಶ್ನೆ: ಬೇಕೆಂದಾಗ ಕಣಗಳನ್ನು ಸರಪಳಿಯಾಗಿ ನಿಲ್ಲಿಸಿ, ಬೇಡವಾದಾಗ ಬಿಡಿಸುವ ಉಪಾಯ ಇದೆಯೆ?
— ಪಿಯುಸಿ ವಿದ್ಯಾರ್ಥಿ, ಗೋಣಿಕೊಪ್ಪ

ಉತ್ತರ: ಇದೆ, ನಮ್ಮ ದೇಶದಲ್ಲೇ ಮಾಡಿ ತೋರಿಸಿದ್ದಾರೆ. ಕಲ್ಪಾಕ್ಕಂನ ಇಂದಿರಾಗಾಂಧಿ ಪರಮಾಣು ಸಂಶೋಧನಾ ಕೇಂದ್ರದ ಜಾನ್ ಫಿಲಿಪ್ ಮತ್ತು ಸಂಗಡಿಗರು 2007ರಲ್ಲಿ, ಸರಾಸರಿ 6.7 ನ್ಯಾನೊಮೀಟರಿನ ಮ್ಯಾಗ್ನೆಟೈಟ್ (ಅಯಸ್ಕಾಂತಕ್ಕೆ ಅಂಟುವ ಕಬ್ಬಿಣದ ಆಕ್ಸೈಡ್) ಕಣಗಳ ದ್ರವಕ್ಕೆ ಕಾಂತಕ್ಷೇತ್ರ ಹಚ್ಚಿದರು. ಕಣಗಳ ಪಾಲು ಶೇ 6.3 ಇದ್ದಾಗ ವಾಹಕತೆ ಮೂಲ ದ್ರವದ ನಾಲ್ಕು ಪಟ್ಟಾಯಿತು. ಬಿಡಿ ಕಣಗಳಾಗಿದ್ದರೆ ಶೇ 20 ಕೂಡ ಸಿಗುವುದು ಕಷ್ಟವಿತ್ತು. ಕಾಂತಕ್ಷೇತ್ರದ ದಿಕ್ಕು ಶಾಖ ಹರಿಯುವ ದಿಕ್ಕಿನಲ್ಲೇ ಇರಬೇಕು. ಅಡ್ಡ ಹಚ್ಚಿದರೆ ಸರಪಳಿಯೂ ಅಡ್ಡ ನಿಲ್ಲುವುದರಿಂದ ಲಾಭವಿಲ್ಲ. ಕ್ಷೇತ್ರವನ್ನು ಅತಿಯಾಗಿ ಹೆಚ್ಚಿಸಿದರೂ ಕೆಡುತ್ತದೆ: ಪಕ್ಕಪಕ್ಕದ ಸರಪಳಿಗಳು ಕೂಡಿಕೊಂಡು ದಪ್ಪ ಕಂಬಗಳಾಗಿ ವಾಹಕತೆ ಇಳಿಯತೊಡಗುತ್ತದೆ. ಕ್ಷೇತ್ರ ತೆಗೆದರೆ ಕಣಗಳು ಮತ್ತೆ ಚದುರುತ್ತವೆ.

ಇನ್ನೊಂದು ಉಪಾಯಕ್ಕೆ ಅಯಸ್ಕಾಂತವೂ ಬೇಡ. 18 ಡಿಗ್ರಿಗೆ ಹೆಪ್ಪುಗಟ್ಟುವ ಹೆಕ್ಸಾಡೆಕೇನ್ ಎಂಬ ಎಣ್ಣೆಯಲ್ಲಿ ಗ್ರಾಫೈಟ್ ಚೂರುಗಳನ್ನು ಬೆರೆಸಿ 2011ರಲ್ಲಿ ಪ್ರಯೋಗ ಮಾಡಿದರು. ಹೆಪ್ಪುಗಟ್ಟುವಾಗ ಬೆಳೆಯುವ ಹರಳುಗಳು ಗ್ರಾಫೈಟನ್ನು ತಮ್ಮ ಅಂಚಿಗೆ ತಳ್ಳುತ್ತವೆ, ಅಲ್ಲಿ ಚೂರುಗಳು ಒತ್ತಾಗಿ ಕೂಡಿ ವಾಹಕತೆ ಮೂರು ಪಟ್ಟಿನಷ್ಟು ಏರುತ್ತದೆ. ಕರಗಿದರೆ ಹಿಡಿತ ಸಡಿಲಿ ಇಳಿಯುತ್ತದೆ. ಚಳಿಗಾಲದ ಕೊಡಗಿನಲ್ಲಾದರೆ ರಾತ್ರಿ ಒಂದು ವಾಹಕತೆ, ಬಿಸಿಲೇರಿದ ಮೇಲೆ ಇನ್ನೊಂದು!